ವಾಸಿಫ್ ಬರೆದಿಟ್ಟ ಟೆಸ್ಟ್

ಇದು ನಮ್ಮನೇಲೇ ಆಗಿದ್ದು. ನನ್ನ ಚಿಕ್ಕಮ್ಮನ ಮಗಳು ಸುಹೈರ್‌ಗೆ ಆಗಿದ್ದು.

ಬೇತ್ ರಾಸ್ ತಿರುವಿನಲ್ಲಿ ಕೊನೇ ಬಸ್ಸು ಇಳಿಸಿ ಹೋದ ಮೇಲೆ ನಮ್ಮನೆಗೆ ಬರಬೇಕಾದರೆ ಹಳೇ ಬಾವಿ ದಾಟಲೇಬೇಕು. ಬಂಡೆ ಕೊರೆದು ಮಾಡಿದ ಬಾವಿ. ಪಕ್ಕದಲ್ಲಿ ಅಂಜೂರದ ಮರ. ನಾನು ಹುಟ್ಟೋ ಮೊದಲೇ ಬತ್ತಿಹೋಗಿತ್ತಂತೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಆ ರಾತ್ರಿ ಸುಹೈರ್ ಒಬ್ಬಳೇ ಬರ್ತಿದ್ದಳು. ಚಳಿಗೆ ಕೋಟಿನ ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿಕೊಂಡು... ಮರದ ಹತ್ತಿರ ಬಂದಾಗ ಸದ್ದು ಕೇಳಿಸ್ತು.

ಟಕ್. ಟಕ್. ಟಕ್ ಟಕ್... ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ದಪ್ಪ ಧಡ್.

ನೀರು ತೊಟ್ಟಿಕ್ಕೋ ಸದ್ದಲ್ಲ. ಇಲಿಯಲ್ಲ. ಕೀಬೋರ್ಡಿನ ಸದ್ದು. ಬಾವಿ ಒಳಗಿಂದ. ಅದು ಯಾರ ಕೈಯ ಸದ್ದು ಅನ್ನೋದೂ ಅವಳಿಗೆ ಗೊತ್ತಾಯ್ತು.

ವಾಸಿಫ್‌ದು.

ಇರ್ಬಿದ್‌ನ ಒಂದು ಸಣ್ಣ ಆಫೀಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಅವನು ಎರಡೇ ಬೆರಳಲ್ಲಿ ಕುಟ್ಟೋನು. ಬರೆದದ್ದನ್ನ ಒಂದು ಸಲ ಕಣ್ಣಲ್ಲೇ ಓದಿಕೊಂಡು, ಆಮೇಲೆ ಕೊನೇ ಕೀಲಿಗೆ ಹೆಬ್ಬೆರಳಲ್ಲಿ ಗುದ್ದೋನು. "ಕೀಬೋರ್ಡ್ ಏನು ನಿನ್ನ ಭಾವಮೈದುನನಾ, ಹಂಗೆ ಹೊಡೀತೀಯ?" ಅಂತ ಇವಳು ಛೇಡಿಸೋಳು. ಹೋದ ಚಳಿಗಾಲ ಜರಾಶ್ ರಸ್ತೆಯ ಮಂಜಿನಲ್ಲಿ ಅವನ ಕಾರು ಲಾರಿ ಕೆಳಗೆ ಹೋಯ್ತು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು.

ಅವರಿಬ್ಬರು ಮಾಡಿದ ಪ್ರೋಗ್ರಾಂ ಒಂದಿತ್ತು. ಕಪ್ಪು ತೆರೆಯ ಮೇಲೆ ಹೆಸರು ಟೈಪ್ ಮಾಡಿದರೆ ಯಾವ ಮೂಲೇಲಿರೋ ಫೈಲನ್ನಾದರೂ ಹುಡುಕಿ ಕೊಡೋದು. ಬೇಕಂದ್ರೆ ಸಿಕ್ಕಿದ್ದನ್ನ ಅಳಿಸಿಯೂ ಹಾಕೋದು. ಅದನ್ನ ಪರೀಕ್ಷೆ ಮಾಡೋಕೆ ವಾಸಿಫ್ ಶೆಲ್ ಸ್ಕ್ರಿಪ್ಟ್‌ಗಳನ್ನ, ಅಂದ್ರೆ ಕಂಪ್ಯೂಟರು ಸಾಲಾಗಿ ಪಾಲಿಸೋ ಸಣ್ಣ ಆದೇಶಪಟ್ಟಿಗಳನ್ನ, ಬರೆದಿಟ್ಟಿದ್ದ. ಪ್ರತಿ ಸ್ಕ್ರಿಪ್ಟೂ ಸುಳ್ಳು ಫೋಲ್ಡರ್ ಒಂದನ್ನ ಕಟ್ಟಿ, ಒಳಗೆ ಫೈಲ್ ಹಾಕಿ, ಪ್ರೋಗ್ರಾಂ ಓಡಿಸಿ, ಸಿಗಬೇಕಾದ್ದೇ ಸಿಕ್ತಾ ಅಂತ ನೋಡೋದು. ಹಿಂದೆ ಯಾವಾಗಲೋ ಒಂದು ತಪ್ಪು ಆಗಿ, ಸರಿಮಾಡಿ, ಅದು ಮತ್ತೆ ತಲೆ ಎತ್ತದೇ ಇರಲಿ ಅಂತ ಕಾವಲಿಗೆ ಇಟ್ಟಂಗೆ ಒಂದೊಂದು ಟೆಸ್ಟ್. ತಪ್ಪಿದರೆ ಕಂಪ್ಯೂಟರ್ 'ಟಿಣ್' ಅನ್ನೋದು.

ಆ ಸಂಜೆ ಸುಹೈರ್ ಪ್ರೋಗ್ರಾಮಿಗೆ ಹೊಸದಾಗಿ ವೇಗ ಕೊಟ್ಟಿದ್ದಳು. ಎಲ್ಲ ಟೆಸ್ಟೂ ಪಾಸಾದವು... ಒಂದನ್ನ ಬಿಟ್ಟು. ಸಿಗಬೇಕಾದ್ದಕ್ಕಿಂತ ಒಂದು ಫೈಲ್ ಜಾಸ್ತಿ ಸಿಗ್ತಿತ್ತು, ಅಷ್ಟೇ. ಟೆಸ್ಟೇ ಹಳೇದಾಗಿದೆ ಅಂದುಕೊಂಡು ಅವಳು ಅದನ್ನ ಅಳಿಸಿದಳು. ಹೊಸ ಪ್ರೋಗ್ರಾಮನ್ನ, ಅದನ್ನ ಬಳಸ್ತಿದ್ದ ಆಸ್ಪತ್ರೆಗೆ ಕಳಿಸಿ ಬಸ್ಸು ಹತ್ತಿದಳು. ಗುರುವಾರ ಅದು. ಗುರುವಾರ ನಡುರಾತ್ರಿ ಆಸ್ಪತ್ರೆಯ ಕಂಪ್ಯೂಟರು ಇದೇ ಪ್ರೋಗ್ರಾಮಿನಿಂದ ಹಳೇ ಸ್ಕ್ಯಾನ್ ಚಿತ್ರಗಳನ್ನ ತಾನಾಗೇ ಅಳಿಸಿಕೊಳ್ಳೋದು.

ಈಗ ಬಾವಿ ಹತ್ತಿರ ನಿಂತಿದಾಳೆ.

"ವಾಸಿಫ್...?" ಅಂದಳಂತೆ. ತುಟಿ ಆಡಿತೋ ಇಲ್ಲವೋ ಅಷ್ಟು ಮೆಲ್ಲಗೆ.

ಸದ್ದು ನಿಂತಿತು.

"ಯಾಕೆ ತೆಗೆದೆ?"

ಜಾಲರಿ ಕೆಳಗಿಂದ ಬಂತು ಮಾತು. ಸಿಟ್ಟಿರಲಿಲ್ಲವಂತೆ. ದಣಿದವನ ದನಿ.

"ಹಳೇದು ಅಂದ್ಕೊಂಡೆ..."

"ಹೊರಗಡೆದೂ ಹೋಗುತ್ತೆ, ಸುಹೈರ್."

ಆಮೇಲೆ... ಟಿಣ್.

ಅವಳು ಓಡಿ ಬಂದಾಗ ನಾನು ಮರಮಿಯ್ಯಾ ಎಲೆ ಹಾಕಿ ಚಹಾ ಕಾಯಿಸ್ತಿದ್ದೆ. ಬೂಟು ಕೂಡ ಬಿಚ್ಚದೆ ಜಮಖಾನದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದಳು. ಏನಾಯ್ತು ಅಂದೆ. ಅಳಿಸಿದ್ದ ಟೆಸ್ಟನ್ನ ಹಳೇ ಪ್ರತಿಯಿಂದ ವಾಪಸ್ ತಂದು ಸಾಲುಸಾಲಾಗಿ ಓದಿದಳು. ಸುಳ್ಳು ಫೋಲ್ಡರಿನೊಳಗೆ ವಾಸಿಫ್ ಒಂದು ಲಿಂಕ್ ಇಟ್ಟಿದ್ದ. ಹೆಸರು ಮಾತ್ರ ಇಲ್ಲಿ, ಸಾಮಾನೆಲ್ಲ ಬೇರೆ ಫೋಲ್ಡರಿನಲ್ಲಿ. ಪ್ರೋಗ್ರಾಂ ಆ ಬಾಗಿಲು ದಾಟಬಾರದು. ಇವಳ ಹೊಸ ಪ್ರೋಗ್ರಾಂ ದಾಟ್ತಿತ್ತು.

ಹುಡುಕೋದಷ್ಟೇ ಆಗಿದ್ದರೆ ಒಂದು ಫೈಲ್ ಜಾಸ್ತಿ, ಅಷ್ಟೇ. ಅಳಿಸೋಕೆ ಹೇಳಿದ್ದರೆ? ಅವಳು ನನ್ನ ಎದುರಿಗೇ ಮಾಡಿ ನೋಡಿದಳು. ಹೊರಗಿಟ್ಟಿದ್ದ ಫೈಲ್ ಮಾಯ. ಆಸ್ಪತ್ರೆಯ ಹಳೇ ಚಿತ್ರಗಳ ಫೋಲ್ಡರಿನಲ್ಲೂ ಅಂಥದ್ದೇ ಒಂದು ಲಿಂಕ್ ಇತ್ತು... ಈ ವರ್ಷದ ರೋಗಿಗಳ ಚಿತ್ರಗಳಿಗೆ.

ಫೋನನ್ನ ನನ್ನ ಕೈಗೆ ತುರುಕಿದಳು. ನಂಬರ್ ನಾನೇ ಒತ್ತಿ, ಸ್ಪೀಕರ್ ಹಾಕಿಕೊಟ್ಟೆ. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳೋ ಅಮ್ಜದ್ ಬಹಳ ಹೊತ್ತಿಗೆ ಎತ್ತಿದ.

"ಈ ಹೊತ್ತಲ್ಲಿ ಏನಕ್ಕಾ, ಮದುವೆ ಊಟಕ್ಕೆ ಕರೀತಿದೀಯಾ?"

"ಅಳಿಸೋ ಕೆಲಸ ನಿಲ್ಲಿಸು ಅಮ್ಜದ್. ಹಳೇ ಪ್ರೋಗ್ರಾಮೇ ವಾಪಸ್ ಹಾಕು."

"ಶುರುವಾಗೋಕೆ ಇನ್ನೂ ಟೈಮಿದೆ. ಚಹಾ ಮುಗಿಸಿ..."

"ಚಹಾ ಆಮೇಲೆ ಕುಡಿ. ನಾನು ಫೋನ್ ಇಡಲ್ಲ."

ಅವನು ಗೊಣಗ್ತಾ ಎದ್ದು ಹೋಗಿದ್ದು ಕೇಳಿಸ್ತು. ಚಪ್ಪಲಿ ಸದ್ದು ದೂರ ಹೋಯ್ತು. ಎಷ್ಟೋ ಹೊತ್ತಿನ ಮೇಲೆ ಹತ್ತಿರ ಬಂತು. ನಿಲ್ಲಿಸಿದೆ ಅಂದ. ಆಗ ಸುಹೈರ್ ಅತ್ತಳು.

ಬೆಳಗಿನ ಬಾಂಗ್ ಆಗೋವರೆಗೂ ಕೂತು ಪ್ರೋಗ್ರಾಂ ಸರಿಮಾಡಿದಳು. ವಾಸಿಫ್‌ನ ಟೆಸ್ಟೂ ಪಾಸಾಯ್ತು. ಆಮೇಲೆಯೇ ಬಾವಿಯ ವಿಷಯ ನನಗೆ ಹೇಳಿದ್ದು. ನಾನು ನಂಬಲಿಲ್ಲ. ನಿನ್ನ ಮನಸ್ಸಿಗೇ ಅನುಮಾನ ಇತ್ತು, ಗಾಳಿಗೆ ಜಾಲರಿ ಅಲ್ಲಾಡಿದ್ದು ನಿನಗೆ ಹಂಗೆ ಕೇಳಿಸಿದೆ ಅಂದೆ.

ಬಿಸಿಲು ಬಂದ ಮೇಲೆ ರೊಟ್ಟಿಗೆ ಎಣ್ಣೆ, ಝಾತರ್ ಪುಡಿ ಹಚ್ಚಿಕೊಂಡು ಕೂತಿದ್ದೆವು. ಫೋನ್ ಬಂತು. ವಾಸಿಫ್‌ನ ತಾಯಿ. ಹಬ್ಬಕ್ಕೆ ಬಿಟ್ಟರೆ ಮಾಡೋರಲ್ಲ. ಕೈಯೆಲ್ಲ ಎಣ್ಣೆ ಅಂತ ಸುಹೈರ್ ಸ್ಪೀಕರ್ ಹಾಕಿದಳು, ಅದಕ್ಕೇ ನಾನೂ ಕೇಳಿದ್ದು. ಇದೇ ಕಿವಿಯಲ್ಲಿ. ಮೊದಲು ಎಲ್ಲರ ಆರೋಗ್ಯ ಕೇಳಿದರು. ನನ್ನ ಅಮ್ಮನ ಮಂಡಿನೋವು ಕೇಳಿದರು. ಆಮೇಲೆ...

"ಮಗಳೇ, ನಿನ್ನೆ ರಾತ್ರಿ ನಿಮಗೆ ಕೆಲಸ ಜಾಸ್ತಿ ಇತ್ತಾ?"

"ಯಾಕೆ ಖಾಲಾ?"

"ಏನಿಲ್ಲ. ವಾಸಿಫ್ ನಿನ್ನೆ ಒಂದು ರಾತ್ರಿ ಮಾತ್ರ ಮನೆಗೆ ಬರಲಿಲ್ಲ. ಅದಕ್ಕೇ ಕೇಳಿದೆ."

ವಯಸ್ಸಾಗಿದೆ, ಅರಳುಮರಳು ಅಂತೀರಿ. ಅಲ್ಲ. ಆಕೆ ಇವತ್ತಿಗೂ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾರೆ. ಆವಾಗಲೂ ಹೇಳಿಕೊಡ್ತಿದ್ದರು. ಫೋನಿನಲ್ಲಿ ಹಿಂದೆ ಮಕ್ಕಳು ಮಗ್ಗಿ ಒಪ್ಪಿಸ್ತಿದ್ದವು. ಒಂದು ತಪ್ಪಿ ಹೇಳಿತು. ನಮ್ಮ ಜೊತೆ ಮಾತಾಡ್ತಾನೇ ಆಕೆ ಅದನ್ನ ತಿದ್ದಿದರು.