ಬೆಚ್ಚಗಿದ್ದ ಒಂದೇ ಕೋಣೆ

ರಾದೌತ್ಸಿ ಎಂಬ ಚಳಿಯೂರಿನ ಬಸ್ ನಿಲ್ದಾಣ. ಹೊರಗೆ ಹಿಮ ಬೀಳುತ್ತಿತ್ತು. ನನ್ನ ಪಕ್ಕದಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ಕೂತಿದ್ದರು.

“ನಾಳೆ ಕೋಣೆ ಬೆಚ್ಚಗಿಡೋ ಆ ಹಳೇ ಕಟ್ಟಿಗೆ ಒಲೆ ಒಡೆಸ್ತೀಯಂತೆ, ಸವೇತಾ?”

“ಹೂಂ ಅಕ್ಕ. ಗ್ಯಾಸ್ ಹೀಟರ್ ಬಂತಲ್ಲ. ಈಗ ಎಲ್ಲಾ ಕೋಣೇನೂ ಬೆಚ್ಚಗಿರುತ್ತೆ.”

“ಚಿಕ್ಕವರಿದ್ದಾಗ ಆ ಒಲೆಯ ಬೆಚ್ಚನೆ ಕಟ್ಟೆ ಮೇಲೆ ನಾವಿಬ್ರೂ ಅಮ್ಮನ ಪಕ್ಕ ಮಲಗ್ತಿದ್ವಿ.”

“ನೀನು ಒದೀತಿದ್ದೆ.”

“ನಿನ್ ಗಂಡ ಏನಂತಾನೆ?”

“ತೊವಾದೆರಾ? ಒಂದು ಜಗಳ ಆಯ್ತು, ಆವಾಗಿಂದ ಮಾತೇ ಇಲ್ಲ. ಹಿಂದಿನ ಕೋಣೇಲೇ ಇರ್ತಾನೆ.”

“ಮೊದ್ಲು ಜಗಳ ಆಡ್ತಿರ್ಲಿಲ್ವಾ?”

“ಆಡ್ತಿದ್ವಿ. ಆದ್ರೆ ಆಗ ಬೆಚ್ಚಗಿದ್ದಿದ್ದು ಒಲೆ ಇರೋ ಒಂದೇ ಕೋಣೆ. ಮುಖ ಊದಿಸ್ಕೊಂಡಾದ್ರೂ ಇಬ್ರೂ ಅಲ್ಲೇ ಕೂರ್ಬೇಕಿತ್ತು. ಕೊನೆಗೆ ಯಾರಾದ್ರೂ ಒಬ್ರು ‘ಕಟ್ಟಿಗೆ ಹಾಕು’ ಅಂತಾದ್ರೂ ಅನ್ಲೇಬೇಕಿತ್ತು.”

ಅಕ್ಕ ತಂಗಿಯ ಕಡೆ ತಿರುಗಿದಳು. ಅಷ್ಟರಲ್ಲಿ ಬಸ್ ಬಂತು.

“ಇವತ್ತು ಗ್ಯಾಸ್ ಆರಿಸಿಬಿಡು. ಕಟ್ಟಿಗೆ ಇದೆಯಾ?”

“ಮೊನ್ನೆ ಅವನೇ ಒಂದು ರಾಶಿ ಸೀಳಿಟ್ಟ. ಯಾಕೆ ಅಂತ ನಾನು ಕೇಳ್ಲಿಲ್ಲ.”

ಇಬ್ಬರೂ ಬಸ್ ಹತ್ತಿದರು.