ಬಾಗಿಲ ಬೀಗದ ಕೈ

2007ರಲ್ಲಿ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಕೋರ್ಟಿನಿಂದ ಬಂದಿದ್ದ ಅತ್ತೆ ಸೊಸೆಯ ಮಾತು ಕಿವಿಗೆ ಬಿತ್ತು. ಕೇಳಬಾರದಿತ್ತೋ ಏನೋ.

“ಮಾಮಿ, ನಿಜವಾ? ಅವರು ಇನ್ನು ಮನೆಗೆ ಕಾಲಿಡುವ ಹಾಗಿಲ್ವಾ?”

“ಇಲ್ಲ ಮಾರಾಯ್ತಿ! ಹೊಸ ಕಾನೂನು ಉಂಟಲ್ಲ. ಹೊಡೆದವನು ಹೊರಗೆ, ನೀನು ಒಳಗೆ!”

“ಹೆತ್ತ ಮಗನ ವಿರುದ್ಧವೇ ಸಾಕ್ಷಿ ಹೇಳಿದಿರಲ್ಲ ನೀವು!”

“ಮತ್ತೆ? ನಿನ್ನ ಬೆನ್ನಿಗೆ ಅರಿಶಿನ ಹಚ್ಚಿದ್ದು ಯಾರು, ಜಡ್ಜಾ?”

ಇಬ್ಬರೂ ಜೋರಾಗಿ ನಕ್ಕರು.

“ಅವರು ಬಂದು ‘ಅಮ್ಮಾ’ ಅಂತ ಕರೆದರೆ?”

“ಪೊಲೀಸರಿಗೆ ಫೋನ್ ಮಾಡುವ.”

“ನೀವು ಬಾಗಿಲು ತೆಗೀತೀರಿ ಮಾಮಿ.”

ಅತ್ತೆ ಸೊಂಟದಿಂದ ಬೀಗದ ಕೈ ಬಿಚ್ಚಿ ಸೊಸೆಯ ಅಂಗೈಯಲ್ಲಿಟ್ಟರು.

“ತೆಗೆದರೂ ತೆಗೆದೇನು, ಹೆತ್ತವಳಲ್ವಾ? ಒಳಗಿನಿಂದ ನೀನೇ ಬೀಗ ಹಾಕು. ಇದು ನಿನ್ನ ಹತ್ತಿರವೇ ಇರಲಿ.”

ನರಿಕೊಂಬಿನ ಬಸ್ ಬಂತು. ಸೊಸೆ ಮೊದಲು ಹತ್ತಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಅತ್ತೆಯ ಕೈ ಹಿಡಿದು ಮೇಲಕ್ಕೆಳೆದುಕೊಂಡಳು.