ಸೊನ್ನೆ ತೋರಿಸಿದ ಮೀಟರ್

ಕಾರ್ಖಾನೆಯಲ್ಲಿ ಎಲ್ಲರೂ ಫಿಲಂ ಮೇಸ್ತ್ರಿ ಎಂದು ಕರೆಯುವ ನಾನು, ವಯಸ್ಸು 51, ಉದ್ಯೋಗ ಕೊಳವೆಗಳ ಬೆಸುಗೆಯನ್ನು ವಿಕಿರಣದಿಂದ ಚಿತ್ರ ತೆಗೆದು ಪರೀಕ್ಷಿಸುವುದು, ವಾಸ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸ್‌ನ ಕೊನೆಯ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಗಾಯಗೊಂಡವನು ನನ್ನ ಭಾಮೈದ, ಕೆಲಸದಲ್ಲಿ ನನ್ನ ಸಹಾಯಕ. ಅವನ ಅವಸರಕ್ಕೆ ನಾವೆಲ್ಲ ಅವನನ್ನು ಗಡಿಬಿಡಿ ಎನ್ನುತ್ತೇವೆ. ವಿಕಿರಣ ಅಳೆಯುವ ಮೀಟರ್ ಕೆಟ್ಟಿತ್ತೆಂದು ಕಾರ್ಖಾನೆಯವರು ಕೊಟ್ಟ ದೂರಿನ ಮೇಲೆ ಅದನ್ನು ಸರಿಮಾಡಿ ಕೊಟ್ಟಿದ್ದ ರಿಪೇರಿಯವರನ್ನು ತಾವು ನಿನ್ನೆಯಿಂದ ಈ ಠಾಣೆಯಲ್ಲಿ ಕೂರಿಸಿದ್ದೀರಿ.

ಇದೇ ತಿಂಗಳ 2ರಂದು ಬೆಳಿಗ್ಗೆ 10.20ಕ್ಕೆ ಚಿತ್ರ ತೆಗೆದು ಮುಗಿಯಿತು. ವಿಕಿರಣ ಬೀರುವ, ಕಡಲೆಕಾಳಿಗಿಂತ ಚಿಕ್ಕದಾದ ಲೋಹದ ತುಣುಕು ತಂತಿಯೊಂದಿಗೆ ಕಿರಣ ತಡೆಯುವ ಪೆಟ್ಟಿಗೆಗೆ ಹಿಂದಿರುಗಬೇಕು. ಅಂದು ಅದು ಕಳಚಿ, ತಂತಿ ಸಾಗುವ ನಳಿಕೆಯ ಬಾಯಲ್ಲೇ ಉಳಿದಿತ್ತು. ನಮಗೆ ತಿಳಿದಿರಲಿಲ್ಲ. ಗಡಿಬಿಡಿ ಮೀಟರ್ ಹಿಡಿದು ಮುಂದೆ ಹೋದ. ನಾನು ನಲವತ್ತು ಅಡಿ ಹಿಂದೆ, ಹಗ್ಗ ಕಟ್ಟಿದ ಕಡೆ ನಿಂತಿದ್ದೆ. ಮುಳ್ಳು ಸರಸರ ಏರುತ್ತಿದೆ ಎಂದು ಅವನು ಕೂಗಿದ. ವಾಪಸ್ ಬಾ ಎಂದೆ. ಅಷ್ಟರಲ್ಲಿ ಟಿಕ್ ಟಿಕ್ ಸದ್ದು ನಿಂತಿತು. "ಸೊನ್ನೆಗೆ ಬಂತು ಭಾವ, ಇದೂ ಕೈಕೊಡ್ತು" ಎಂದು ಮೀಟರನ್ನು ತಟ್ಟಿ ಕೆಳಗಿಟ್ಟು, ಬಲಗೈಯಿಂದ ನಳಿಕೆಯ ತುದಿ ಬಿಚ್ಚತೊಡಗಿದ. ನಾನು ಓಡಿಹೋಗಿ ಅಂಗಿ ಹಿಡಿದು ಎಳೆದೆ.

ಕಿರಣ ತಾಗಿದಾಗಲೆಲ್ಲ ಮೀಟರ್ ಒಂದು ಟಿಕ್ ಎನ್ನುತ್ತದೆ. ಮಿತಿಮೀರಿ ಬಂದರೆ ನಮ್ಮಲ್ಲಿರುವಂಥ ಹಳೆಯ ಮೀಟರಿಗೆ ಬಿಡಿಸಿ ಎಣಿಸಲಾಗದು, ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಿಳಿಯದ ಹಾಗೆ. ಆಗ ಅದು ಸುಮ್ಮನಾಗಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಏರಿದ ಮುಳ್ಳು ಬಿದ್ದರೆ ಹಿಂದಕ್ಕೆ ಓಡಬೇಕು. ಇದು ಗಡಿಬಿಡಿಗೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದ ಪಾಠ. ಆದರೆ ಮೊದಲಿದ್ದ ಮೀಟರ್ ಬ್ಯಾಟರಿ ಸಡಿಲವಾಗಿ ಆಗಾಗ ನಿಂತುಹೋಗುತ್ತಿತ್ತು. ತಟ್ಟಿ ಕೆಲಸ ಮುಂದುವರಿಸುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ತುಣುಕನ್ನು ಉದ್ದನೆಯ ಇಕ್ಕಳದಿಂದ ಎತ್ತಿ ಪೆಟ್ಟಿಗೆಗೆ ಹಾಕಿದ ಮೇಲೆ, 11.45ಕ್ಕೆ ಅದೇ ಮೀಟರನ್ನು ಬ್ಯಾಟರಿ ಬದಲಿಸದೆ ಪರೀಕ್ಷಿಸಿದೆ. ಸರಿಯಾಗಿಯೇ ತೋರಿಸಿತು. ರಿಪೇರಿಯವರದ್ದು ಏನೂ ತಪ್ಪಿಲ್ಲ.

ಬಲಗೈ ಉಳಿಯುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ. ಮೀಟರ್ ಕೆಟ್ಟಿತ್ತು ಅಂತ ಒಂದು ಮಾತು ಹೇಳಿಬಿಡಿ, ಕೈ ಹೋಗೋದು ಸಾಲದು ಅಂತ ತಪ್ಪನ್ನೂ ನನ್ನ ತಮ್ಮನ ತಲೆಗೇ ಕಟ್ಟಬೇಡಿ ಎಂದು ನನ್ನ ಹೆಂಡತಿ ಬೆಳಿಗ್ಗೆ ಕೇಳಿಕೊಂಡಳು. ನಾನು ಚಪ್ಪಲಿ ಹಾಕಿಕೊಂಡು ಠಾಣೆಗೆ ಹೊರಟೆ.

ಮೇಲೆ ಬರೆದುಕೊಂಡದ್ದನ್ನು ತಾವು ನನಗೆ ಗಟ್ಟಿಯಾಗಿ ಓದಿ ಹೇಳಿದಾಗ ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿರುವ ನನ್ನ ಹೆಂಡತಿಗೂ ಕೇಳಿಸಿದೆ. ಎಲ್ಲವೂ ನಿಜ, ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಸ್ಥಳ: ಠಾಣೆ
ದಿನಾಂಕ: 19, ಗುರುವಾರ
ಸಹಿ